ಎಲ್ಲರಿಗೂ ಜಾಗವಿರುವ ಕಚೇರಿ: ಎಲ್ಲಿಂದ ಆರಂಭಿಸಬೇಕು, ಎಲ್ಲಿ ಎಡವುತ್ತೇವೆ

"ನಮ್ಮಲ್ಲಿ ಬಗೆಬಗೆಯ ಹಿನ್ನೆಲೆಯವರು ಇರಬೇಕು ಎಂಬ ಆಸೆ ನಮಗೂ ಇದೆ, ಆದರೆ ಎಲ್ಲಿಂದ ಶುರು ಮಾಡಬೇಕು?" ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಕೇಳುವವರಲ್ಲಿ ಇಪ್ಪತ್ತು ಜನರ ತಂಡ ನಡೆಸುವವರೂ ಇದ್ದಾರೆ, ಸಾವಿರ ಜನರ ಸಂಸ್ಥೆಯ ಮಾನವ ಸಂಪನ್ಮೂಲ ವಿಭಾಗದವರೂ ಇದ್ದಾರೆ. ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಬರುತ್ತದೆ: "ಕಷ್ಟಪಟ್ಟು ನೇಮಿಸಿಕೊಂಡೆವು, ಒಂದೇ ವರ್ಷದಲ್ಲಿ ಬಿಟ್ಟುಹೋದರು. ಏಕೆ?"

ಎರಡಕ್ಕೂ ಉತ್ತರ ದಿನನಿತ್ಯದ ಸಣ್ಣ ಪದ್ಧತಿಗಳಲ್ಲಿದೆ. ಅರ್ಜಿಯನ್ನು ಯಾರು ನೋಡುತ್ತಾರೆ, ಹೆಸರು ತರುವ ಕೆಲಸ ಯಾರ ಪಾಲಿಗೆ ಬೀಳುತ್ತದೆ, ಸಭೆಯಲ್ಲಿ ಯಾರ ಮಾತು ಅರ್ಧಕ್ಕೇ ನಿಲ್ಲುತ್ತದೆ ಎಂಬುದರಲ್ಲಿದೆ. ಗೋಡೆಗೆ ಅಂಟಿಸಿದ ಘೋಷವಾಕ್ಯ ಇವುಗಳಲ್ಲಿ ಒಂದನ್ನೂ ಬದಲಿಸುವುದಿಲ್ಲ. ಪದ್ಧತಿಗಳನ್ನು ಒಂದೊಂದಾಗಿ ಬಿಚ್ಚಿ ತಿದ್ದಬೇಕು. ಅದು ಹೇಗೆ ಎಂದು ಮುಂದೆ ಹಂತಹಂತವಾಗಿ ಹೇಳುತ್ತೇನೆ.

ಮೊದಲು ಕೆಲವು ಪದಗಳು

ವೈವಿಧ್ಯ ಎಂದರೆ ಸಂಸ್ಥೆಯಲ್ಲಿ ಯಾರು ಯಾರು ಇದ್ದಾರೆ ಎಂಬುದು. ಲಿಂಗ, ವಯಸ್ಸು, ಭಾಷೆ, ಧರ್ಮ, ಜನಾಂಗ, ಸಾಮಾಜಿಕ ಹಿನ್ನೆಲೆ, ಅಂಗವೈಕಲ್ಯ, ಲೈಂಗಿಕತೆ ಎಲ್ಲವೂ ಇದರಲ್ಲಿ ಬರುತ್ತವೆ. ಒಳಗೊಳ್ಳುವಿಕೆ ಎಂದರೆ ಹಾಗೆ ಬಂದವರಿಗೆ ಮಾತಾಡುವ ಅವಕಾಶ, ನಿರ್ಧಾರದಲ್ಲಿ ಪಾಲು, ಮೇಲೇರುವ ದಾರಿ ಇದೆಯೇ ಎಂಬುದು. ಮೊದಲನೆಯದು ಹಾಜರಿ ಪುಸ್ತಕದಲ್ಲಿ ಕಾಣುತ್ತದೆ. ಎರಡನೆಯದನ್ನು ಕಾಣಲು ಸಭೆಯಲ್ಲಿ ಕುಳಿತು ನೋಡಬೇಕು.

ಸಮಾನತೆ, ಸಮತೆ ಎಂಬ ಎರಡು ಪದಗಳನ್ನೂ ಬೇರೆ ಮಾಡಿಕೊಳ್ಳಿ. ಎಲ್ಲರಿಗೂ ಒಂದೇ ಅಳತೆಯ ಮೇಜು ಕೊಟ್ಟರೆ ಅದು ಸಮಾನತೆ. ಗಾಲಿಕುರ್ಚಿಯಲ್ಲಿ ಕುಳಿತವರ ಮೊಣಕಾಲು ಆ ಮೇಜಿನ ಕೆಳಗೆ ಹಿಡಿಯದಿದ್ದರೆ ಅವರಿಗೆ ಎತ್ತರದ ಮೇಜು ಕೊಡುವುದು ಸಮತೆ.

ತಾರತಮ್ಯ ಎಂಬ ಪದಕ್ಕೆ ಅಂತರರಾಷ್ಟ್ರೀಯ ವ್ಯಾಖ್ಯೆಯೇ ಇದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1958ರ 111ನೆಯ ಒಡಂಬಡಿಕೆ ಜನಾಂಗ, ಬಣ್ಣ, ಲಿಂಗ, ಧರ್ಮ, ರಾಜಕೀಯ ಅಭಿಪ್ರಾಯ, ರಾಷ್ಟ್ರೀಯ ಮೂಲ, ಸಾಮಾಜಿಕ ಮೂಲ ಎಂಬ ಏಳು ಆಧಾರಗಳನ್ನು ಹೆಸರಿಸುತ್ತದೆ. ಅವಕಾಶದ ಸಮಾನತೆಯನ್ನು ಕೆಡಿಸುವ ಪರಿಣಾಮ ಇದ್ದರೂ ಸಾಕು, ಉದ್ದೇಶ ಕೆಟ್ಟದ್ದಾಗಿರಬೇಕಿಲ್ಲ ಎಂಬುದು ಅದರ ಧಾಟಿ. "ನಾವು ಬೇಕೆಂದು ಮಾಡಿದ್ದಲ್ಲ" ಎಂಬ ಮಾತು ನಿಮ್ಮ ಕಚೇರಿಯಲ್ಲಿ ಕೇಳಿಬಂದಾಗ ಇದನ್ನು ನೆನಪಿಸಿಕೊಳ್ಳಿ.

ಏನೇನು ಬೇಕು

ಪದ್ಧತಿ ಬದಲಿಸುವ ಅಧಿಕಾರ ಇರುವ ಒಬ್ಬರು ಈ ಕೆಲಸಕ್ಕೆ ಹೊಣೆ ಹೊರಬೇಕು. ಉತ್ಸಾಹಿ ಕಿರಿಯರೊಬ್ಬರ ಹೆಗಲಿಗೆ ಹಾಕಿ, ಅವರ ಮಾಮೂಲಿ ಕೆಲಸದಲ್ಲಿ ಒಂದಿಷ್ಟೂ ಕಡಿಮೆ ಮಾಡದೆ ಬಿಟ್ಟರೆ ಆರು ತಿಂಗಳಲ್ಲಿ ಅವರೂ ಸೋಲುತ್ತಾರೆ, ಕೆಲಸವೂ ನಿಲ್ಲುತ್ತದೆ. ಇದಕ್ಕೆಂದೇ ಸ್ವಲ್ಪ ಹಣ ತೆಗೆದಿಡಿ. ನಿಮ್ಮ ದೇಶದ ಉದ್ಯೋಗ ಕಾನೂನು ಬಲ್ಲವರೊಬ್ಬರನ್ನು ಆರಂಭದಲ್ಲೇ ಕೇಳಿಕೊಳ್ಳಿ, ಏಕೆಂದರೆ ಸಿಬ್ಬಂದಿಯ ಧರ್ಮ, ಜನಾಂಗ, ಆರೋಗ್ಯದ ವಿವರ ಸಂಗ್ರಹಿಸಲು ಕೆಲವು ದೇಶಗಳಲ್ಲಿ ಕಟ್ಟುನಿಟ್ಟಾದ ಮಿತಿಗಳಿವೆ. ಕನಿಷ್ಠ ಎರಡು ವರ್ಷದ ತಾಳ್ಮೆಯೂ ಬೇಕು.

ಹಂತ 1: ಇರುವುದನ್ನು ಎಣಿಸಿ

ಸಂಸ್ಥೆಯಲ್ಲಿ ಅರ್ಧದಷ್ಟು ಮಹಿಳೆಯರಿದ್ದಾರೆ ಎಂಬ ಒಟ್ಟು ಅಂಕಿ ಏನನ್ನೂ ಹೇಳುವುದಿಲ್ಲ. ಆ ಅರ್ಧದಲ್ಲಿ ಎಲ್ಲರೂ ಕೆಳಗಿನ ಎರಡು ಶ್ರೇಣಿಗಳಲ್ಲೇ ಇರಬಹುದು. ಆದ್ದರಿಂದ ಶ್ರೇಣಿವಾರು, ವಿಭಾಗವಾರು ಎಣಿಸಿ. ನಂತರ ಐದು ಬಾಗಿಲುಗಳಲ್ಲಿ ನಿಂತು ನೋಡಿ: ಅರ್ಜಿ ಹಾಕಿದವರು ಯಾರು, ಸಂದರ್ಶನಕ್ಕೆ ಬಂದವರು ಯಾರು, ಆಯ್ಕೆಯಾದವರು ಯಾರು, ಬಡ್ತಿ ಪಡೆದವರು ಯಾರು, ಬಿಟ್ಟುಹೋದವರು ಯಾರು. ಯಾವ ಬಾಗಿಲಲ್ಲಿ ಒಂದು ಗುಂಪಿನವರು ತಟ್ಟನೆ ಕಡಿಮೆಯಾಗುತ್ತಾರೋ ಅಲ್ಲಿ ನಿಮ್ಮ ಮೊದಲ ಕೆಲಸವಿದೆ. ಅರ್ಜಿಗಳೇ ಬರುತ್ತಿಲ್ಲವೆಂದರೆ ಜಾಹೀರಾತನ್ನು ನೋಡಬೇಕು. ಸೇರಿದವರು ನಿಲ್ಲುತ್ತಿಲ್ಲವೆಂದರೆ ಜಾಹೀರಾತಿಗೆ ಹಣ ಸುರಿದು ಪ್ರಯೋಜನವಿಲ್ಲ.

ಎಚ್ಚರಿಕೆ: ವೈಯಕ್ತಿಕ ವಿವರ ಕೊಡುವುದು ಸ್ವಇಚ್ಛೆಯದಾಗಿರಲಿ, "ಹೇಳಲು ಇಷ್ಟವಿಲ್ಲ" ಎಂಬ ಆಯ್ಕೆ ಪ್ರತಿ ಪ್ರಶ್ನೆಯಲ್ಲೂ ಇರಲಿ. ಒಂದು ಗುಂಪಿನಲ್ಲಿ ಮೂರು ನಾಲ್ಕು ಜನ ಮಾತ್ರ ಇದ್ದರೆ ಆ ಅಂಕಿಯನ್ನು ಬೇರೆಯಾಗಿ ಪ್ರಕಟಿಸಬೇಡಿ. ಹೆಸರಿಲ್ಲದ ಪಟ್ಟಿಯಲ್ಲೂ ಅವರು ಯಾರೆಂದು ಎಲ್ಲರಿಗೂ ತಿಳಿದುಬಿಡುತ್ತದೆ.

ಹಂತ 2: ಇರುವವರ ಮಾತು ಕೇಳಿ

ಹೆಸರು ಬರೆಯಬೇಕಿಲ್ಲದ ಒಂದು ಚಿಕ್ಕ ಪ್ರಶ್ನಾವಳಿ ಸಾಕು. "ನೀವು ಇಲ್ಲಿ ಸಂತೋಷವಾಗಿದ್ದೀರಾ?" ಎಂದು ಕೇಳಿದರೆ ಸಿಗುವುದು ಸೌಜನ್ಯದ ಉತ್ತರ. ನಡೆದದ್ದನ್ನು ಕೇಳಿ: ಕಳೆದ ಮೂರು ತಿಂಗಳಲ್ಲಿ ನಿಮ್ಮ ಕೆಲಸದ ಬಗ್ಗೆ ಮೇಲಧಿಕಾರಿ ಎಷ್ಟು ಬಾರಿ ಕುಳಿತು ಮಾತಾಡಿದರು? ತಪ್ಪೊಂದನ್ನು ಎತ್ತಿ ತೋರಿಸಬೇಕೆನಿಸಿ ಸುಮ್ಮನಾದ ಸಂದರ್ಭ ಇದೆಯೇ? ಈ ಕಚೇರಿಯಲ್ಲಿ ಮುಚ್ಚಿಡಬೇಕಾದದ್ದು ಏನಾದರೂ ನಿಮಗಿದೆಯೇ?

ಕೇಳಿದ ಮೇಲೆ ಒಂದು ತಿಂಗಳೊಳಗೆ ಏನು ಕೇಳಿಬಂತು, ಯಾವುದನ್ನು ಈಗ ಸರಿಪಡಿಸುತ್ತೇವೆ, ಯಾವುದನ್ನು ಸದ್ಯಕ್ಕೆ ಮಾಡಲಾಗದು ಎಂದು ಎಲ್ಲರಿಗೂ ತಿಳಿಸಿ. ಅಭಿಪ್ರಾಯ ಪಡೆದು ಮೌನವಾಗುವುದು ಕೇಳದೇ ಇರುವುದಕ್ಕಿಂತ ಕೆಟ್ಟದ್ದು. ಮುಂದಿನ ಬಾರಿ ಯಾರೂ ಬಾಯಿ ಬಿಡುವುದಿಲ್ಲ.

ಹಂತ 3: ಜಾಹೀರಾತನ್ನು ತಿದ್ದಿ

ಹುದ್ದೆಗೆ ನಿಜಕ್ಕೂ ಬೇಕಾದ ಅರ್ಹತೆಗಳನ್ನು ಮಾತ್ರ ಉಳಿಸಿ. "ಹತ್ತು ವರ್ಷದ ಅನುಭವ" ಎಂದು ಬರೆದಿದ್ದರೆ ಎಂಟು ವರ್ಷದವರು ಏಕೆ ಆಗುವುದಿಲ್ಲ ಎಂದು ನೀವೇ ಕೇಳಿಕೊಳ್ಳಿ. ಉತ್ತರ ಇಲ್ಲದಿದ್ದರೆ ಅದನ್ನು ಅಳಿಸಿ. ನಿರ್ದಿಷ್ಟ ಪದವಿ, ವಾಹನ ಚಾಲನಾ ಪರವಾನಗಿ, "ನಿರರ್ಗಳ ಭಾಷೆ" ಇವೆಲ್ಲ ಅಭ್ಯಾಸಬಲದಿಂದ ಸೇರಿಕೊಂಡ ಸಾಲುಗಳಾಗಿರಬಹುದು. ಸಂಬಳದ ವ್ಯಾಪ್ತಿಯನ್ನು ಅಲ್ಲೇ ಬರೆಯಿರಿ. ಅಂಗವೈಕಲ್ಯ ಇರುವವರು ಸಂದರ್ಶನಕ್ಕೆ ಬೇಕಾದ ಅನುಕೂಲವನ್ನು ಯಾರಲ್ಲಿ ಕೇಳಬೇಕು ಎಂಬುದನ್ನೂ ಬರೆಯಿರಿ.

"ನಮ್ಮವರಲ್ಲೇ ಯಾರಾದರೂ ಗೊತ್ತಿದ್ದರೆ ಹೇಳಿ" ಎಂಬ ಶಿಫಾರಸಿನ ನೇಮಕಾತಿ ಅಗ್ಗ ಮತ್ತು ವೇಗದ್ದು. ಆದರೆ ಜನರಿಗೆ ಪರಿಚಯ ಇರುವುದು ಬಹುತೇಕ ತಮ್ಮಂಥವರದೇ. ಅದೊಂದೇ ದಾರಿಯಾದರೆ ಸಂಸ್ಥೆ ತನ್ನನ್ನೇ ನಕಲು ಮಾಡುತ್ತಾ ಹೋಗುತ್ತದೆ.

ಹಂತ 4: ಆಯ್ಕೆಯ ವಿಧಾನವನ್ನು ಕಟ್ಟುನಿಟ್ಟು ಮಾಡಿ

ಇಲ್ಲಿ ಹೆಚ್ಚು ಸಮಯ ಕೊಡಿ. ಅತಿ ಹೆಚ್ಚು ಸೋರಿಕೆ ಆಗುವುದು ಇಲ್ಲೇ ಎಂಬುದು ನನ್ನ ಅಭಿಪ್ರಾಯ.

ಅರ್ಥಶಾಸ್ತ್ರಜ್ಞರಾದ ಮೇರಿಯಾನ್ ಬರ್ಟ್ರಾಂಡ್ ಮತ್ತು ಸೆಂಧಿಲ್ ಮುಲ್ಲೈನಾಥನ್ 2004ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಮರೆಯಲಾಗದಂತೆ ತೋರಿಸಿತು. ಅಮೆರಿಕದ ಬಾಸ್ಟನ್ ಮತ್ತು ಶಿಕಾಗೋ ನಗರಗಳ ಉದ್ಯೋಗ ಜಾಹೀರಾತುಗಳಿಗೆ ಅವರು ಸುಮಾರು 5,000 ಕಲ್ಪಿತ ಅರ್ಜಿಗಳನ್ನು ಕಳುಹಿಸಿದರು. ಅರ್ಜಿಗಳಿಗೆ ಹೆಸರುಗಳನ್ನು ಮನಬಂದಂತೆ ಹಂಚಿದ್ದರು. ಕೆಲವು ಬಿಳಿಯರ ಹೆಸರೆಂದು ಕೇಳಿಸುವಂಥವು, ಕೆಲವು ಕಪ್ಪುಜನರ ಹೆಸರೆಂದು ಕೇಳಿಸುವಂಥವು. ಬಿಳಿಯರ ಹೆಸರಿದ್ದ ಅರ್ಜಿಗಳಿಗೆ ಶೇ 50ರಷ್ಟು ಹೆಚ್ಚು ಕರೆಗಳು ಬಂದವು. ಒಂದು ಕರೆ ಬರಲು ಒಬ್ಬರು ಸುಮಾರು ಹತ್ತು ಅರ್ಜಿ ಹಾಕಿದರೆ ಸಾಕಿತ್ತು, ಇನ್ನೊಬ್ಬರು ಹದಿನೈದು ಹಾಕಬೇಕಿತ್ತು. ಇದನ್ನೇ ಸುಪ್ತ ಪೂರ್ವಗ್ರಹ ಎಂದು ಕರೆಯುವುದುಂಟು, ಅಂದರೆ ನಮಗೇ ಅರಿವಿಲ್ಲದೆ ಒಬ್ಬರ ಪರವಾಗಿ ವಾಲುವ ಮನಸ್ಸು. ಅರಿವಿದ್ದು ಮಾಡುವವರೂ ಇದ್ದಾರೆ. ಇಬ್ಬರಿಗೂ ಮದ್ದು ಒಂದೇ: ವಾಲಲು ಅವಕಾಶವೇ ಇಲ್ಲದಂತೆ ವಿಧಾನವನ್ನು ರೂಪಿಸುವುದು.

ಮೊದಲ ಸುತ್ತಿನಲ್ಲಿ ಹೆಸರು, ಭಾವಚಿತ್ರ, ವಯಸ್ಸು, ವಿಳಾಸ ಮುಚ್ಚಿ ಅರ್ಜಿ ನೋಡಿ. ಪಾಶ್ಚಾತ್ಯ ಸಂಗೀತದ ವಾದ್ಯವೃಂದಗಳು ಕಲಾವಿದರನ್ನು ಪರದೆಯ ಹಿಂದೆ ಕೂರಿಸಿ ನುಡಿಸಲು ಹೇಳುವುದು ಇದೇ ಕಾರಣಕ್ಕೆ. ನಡೆಯುವಾಗಿನ ಪಾದರಕ್ಷೆಯ ಸದ್ದಿನಿಂದ ಗಂಡೋ ಹೆಣ್ಣೋ ಎಂದು ತಿಳಿಯದಿರಲಿ ಎಂದು ನೆಲಕ್ಕೆ ಕಾರ್ಪೆಟ್ ಹಾಸುವ ವೃಂದಗಳೂ ಇದ್ದವು. ಅಷ್ಟು ಸೂಕ್ಷ್ಮವಾಗಿ ಯೋಚಿಸಬೇಕಾಗುತ್ತದೆ.

ಆಮೇಲೆ ರಚನಾಬದ್ಧ ಸಂದರ್ಶನ. ಎಲ್ಲ ಅಭ್ಯರ್ಥಿಗಳಿಗೂ ಅದೇ ಪ್ರಶ್ನೆ, ಅದೇ ಕ್ರಮ, ಮೊದಲೇ ಬರೆದಿಟ್ಟ ಅಂಕದ ಅಳತೆ ಇರುವ ಸಂದರ್ಶನಕ್ಕೆ ಹೀಗೆನ್ನುತ್ತಾರೆ. ಒಂದು ಪ್ರಶ್ನೆಯನ್ನು ಬಿಡಿಸಿ ತೋರಿಸುತ್ತೇನೆ. ಗ್ರಾಹಕ ಸೇವೆಯ ಹುದ್ದೆ ಎಂದುಕೊಳ್ಳಿ. ಪ್ರಶ್ನೆ: "ಗ್ರಾಹಕರೊಬ್ಬರು ಸಿಟ್ಟಿನಿಂದ ಕರೆ ಮಾಡಿದ್ದಾರೆ. ತಪ್ಪು ನಮ್ಮದೇ. ಆದರೆ ಅವರು ಕೇಳುತ್ತಿರುವ ಪರಿಹಾರ ಕೊಡುವ ಅಧಿಕಾರ ನಿಮಗಿಲ್ಲ. ಏನು ಮಾಡುತ್ತೀರಿ?" ಸಮಾಧಾನದ ಮಾತಾಡಿ ಕರೆ ಮುಗಿಸುತ್ತೇನೆ ಎಂದರೆ 1 ಅಂಕ. ತಪ್ಪನ್ನು ಒಪ್ಪಿಕೊಂಡು ಮೇಲಿನವರಿಗೆ ವರ್ಗಾಯಿಸುತ್ತೇನೆ ಎಂದರೆ 3. ತಪ್ಪನ್ನು ಒಪ್ಪಿಕೊಂಡು, ತನ್ನ ಕೈಯಲ್ಲಿ ಏನಿದೆ ಏನಿಲ್ಲ ಎಂದು ಸ್ಪಷ್ಟವಾಗಿ ಹೇಳಿ, ಯಾರು ಯಾವಾಗ ಉತ್ತರಿಸುತ್ತಾರೆ ಎಂದು ತಿಳಿಸಿ, ಆ ಹೊತ್ತಿಗೆ ಉತ್ತರ ಹೋಯಿತೇ ಎಂದು ತಾನೇ ವಿಚಾರಿಸುತ್ತೇನೆ ಎಂದರೆ 5. ಈ ಅಳತೆ ಮೊದಲ ಅಭ್ಯರ್ಥಿ ಒಳಗೆ ಕಾಲಿಡುವ ಮುನ್ನವೇ ಕಾಗದದ ಮೇಲಿರಬೇಕು. ಸಂದರ್ಶಕರು ತಮ್ಮ ತಮ್ಮ ಅಂಕಗಳನ್ನು ಬೇರೆ ಬೇರೆಯಾಗಿ ಬರೆದು ಒಪ್ಪಿಸಿದ ಮೇಲೆ ಚರ್ಚೆ ಆರಂಭವಾಗಲಿ. ಹಿರಿಯರು ಮೊದಲು ಬಾಯಿ ತೆರೆದರೆ ಉಳಿದವರ ಪೆನ್ನು ಅದೇ ಕಡೆ ಓಡುತ್ತದೆ.

ಎಚ್ಚರಿಕೆ: "ಒಳ್ಳೆಯ ಅಭ್ಯರ್ಥಿ, ಆದರೆ ನಮ್ಮ ತಂಡಕ್ಕೆ ಹೊಂದಿಕೊಳ್ಳುವುದಿಲ್ಲ ಅನಿಸುತ್ತದೆ" ಎಂಬ ವಾಕ್ಯ ಬಂದರೆ ಅಲ್ಲೇ ನಿಲ್ಲಿಸಿ. ಯಾವ ಕೆಲಸಕ್ಕೆ, ಯಾವ ಉತ್ತರದಿಂದ ಹಾಗನಿಸಿತು ಎಂದು ಕೇಳಿ. ಉತ್ತರಕ್ಕೆ ಆಧಾರ ಸಿಗದಿದ್ದರೆ ಆ ಅಭಿಪ್ರಾಯಕ್ಕೆ ಅಂಕವಿಲ್ಲ. ಮದುವೆ, ಮಕ್ಕಳು, ಗರ್ಭಧಾರಣೆಯ ಯೋಚನೆಗಳ ಬಗ್ಗೆ ಯಾರನ್ನೂ ಕೇಳಬೇಡಿ, ಹರಟೆಯ ಧಾಟಿಯಲ್ಲೂ ಬೇಡ.

ಅರ್ಜಿ ಆರಿಸಲು ಸ್ವಯಂಚಾಲಿತ ತಂತ್ರಾಂಶ ಬಳಸುತ್ತಿದ್ದರೆ ಇದೆಲ್ಲದರಿಂದ ಪಾರಾದೆವು ಎಂದುಕೊಳ್ಳಬೇಡಿ. ಹಳೆಯ ನೇಮಕಾತಿಗಳ ದಾಖಲೆಯಿಂದ ಕಲಿತ ತಂತ್ರಾಂಶ ಹಳೆಯ ಒಲವುಗಳನ್ನೂ ಕಲಿತಿರುತ್ತದೆ. ಅದು ತಿರಸ್ಕರಿಸಿದ ಅರ್ಜಿಗಳಲ್ಲಿ ಕೆಲವನ್ನು ಆಗಾಗ ಕೈಯಾರೆ ತೆಗೆದು ಓದಿ.

ಹಂತ 5: ಕೆಲಸ ಮಾಡಲು ಆಗುವಂತೆ ಜಾಗ ಸಿದ್ಧಪಡಿಸಿ

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಜಗತ್ತಿನಲ್ಲಿ ಸುಮಾರು 130 ಕೋಟಿ ಜನರಿಗೆ, ಅಂದರೆ ಆರರಲ್ಲಿ ಒಬ್ಬರಿಗೆ, ಗಣನೀಯ ಪ್ರಮಾಣದ ಅಂಗವೈಕಲ್ಯವಿದೆ. ಬಹಳಷ್ಟು ಅಂಗವೈಕಲ್ಯ ಹೊರಗೆ ಕಾಣುವುದೇ ಇಲ್ಲ. ವಿಶ್ವಸಂಸ್ಥೆಯ 2006ರ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯಲ್ಲಿ ಒಂದು ಮುಖ್ಯ ಕಲ್ಪನೆ ಇದೆ: ಸಮಂಜಸ ಹೊಂದಾಣಿಕೆ. ಸಂಸ್ಥೆಗೆ ಮಿತಿಮೀರಿದ ಹೊರೆಯಾಗದಂತೆ, ಒಬ್ಬ ವ್ಯಕ್ತಿ ಇತರರಂತೆಯೇ ಕೆಲಸ ಮಾಡಲು ಬೇಕಾದ ಬದಲಾವಣೆ ಮಾಡಿಕೊಡುವುದು ಎಂದು ಅದರ ಅರ್ಥ. ಅದನ್ನು ನಿರಾಕರಿಸುವುದೂ ತಾರತಮ್ಯವೇ ಎಂದು ಒಡಂಬಡಿಕೆ ಹೇಳುತ್ತದೆ. ಪರದೆ ಓದುವ ತಂತ್ರಾಂಶ, ಬೇರೆ ಪಾಳಿ, ಸದ್ದಿಲ್ಲದ ಮೂಲೆಯ ಮೇಜು, ಬರಹದಲ್ಲಿ ಸೂಚನೆ ಇವೆಲ್ಲ ಇದರಲ್ಲಿ ಬರುತ್ತವೆ. ಹಲವಕ್ಕೆ ಖರ್ಚೇ ಇಲ್ಲ.

ಕೋರಿಕೆ ಸಲ್ಲಿಸಲು ಒಬ್ಬ ನಿರ್ದಿಷ್ಟ ವ್ಯಕ್ತಿ, ಉತ್ತರಕ್ಕೆ ಒಂದು ಗಡುವು ಇರಲಿ. ಕಾಯಿಲೆಯ ಇತಿಹಾಸವನ್ನೆಲ್ಲ ಕೆದಕಬೇಡಿ. "ಯಾವ ಕೆಲಸಕ್ಕೆ ಅಡ್ಡಿಯಾಗುತ್ತಿದೆ, ಏನಿದ್ದರೆ ಅನುಕೂಲ?" ಎಂಬೆರಡು ಪ್ರಶ್ನೆ ಸಾಕು.

ಕಟ್ಟಡದ ವಿಷಯದಲ್ಲಿ ಅಳತೆಪಟ್ಟಿ ಹಿಡಿದು ನಡೆಯಿರಿ. ಗಾಲಿಕುರ್ಚಿಯ ಇಳಿಜಾರು 1ಕ್ಕೆ 12ರ ಪ್ರಮಾಣವನ್ನು ಮೀರಬಾರದು ಎಂದು ಹಲವು ದೇಶಗಳ ನಿಯಮಗಳು ಹೇಳುತ್ತವೆ. ಅಂದರೆ ಒಂದು ಅಡಿ ಮೇಲೇರಲು ಹನ್ನೆರಡು ಅಡಿ ಉದ್ದ ಬೇಕು. ಮೂರು ಮೆಟ್ಟಿಲ ಮೇಲೆ ಹಲಗೆ ಇಟ್ಟು ಇಳಿಜಾರು ಎಂದರೆ ಅದು ಅಪಾಯ. ತೆರೆಯ ಮೇಲಿನ ಬರಹಕ್ಕೂ ಅಳತೆಯಿದೆ: ಜಾಲತಾಣಗಳ ಸುಗಮತೆಯ ಅಂತರರಾಷ್ಟ್ರೀಯ ಮಾರ್ಗಸೂಚಿಯಂತೆ ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ನಡುವಿನ ಹೊಳಪಿನ ವ್ಯತ್ಯಾಸ ಕನಿಷ್ಠ 4.5ಕ್ಕೆ 1 ಇರಬೇಕು. ತಿಳಿ ಬೂದು ಬಣ್ಣದ ಅಕ್ಷರಗಳ ಚೆಂದದ ನಮೂನೆಗಳು ಈ ಪರೀಕ್ಷೆಯಲ್ಲಿ ಸೋಲುತ್ತವೆ.

ಮಗುವಿಗೆ ಹಾಲೂಡಿಸಲು ಅಥವಾ ಪ್ರಾರ್ಥನೆಗೆ ಬಾಗಿಲು ಹಾಕಿಕೊಳ್ಳಬಹುದಾದ ಕೋಣೆ, ತಮ್ಮ ಹಬ್ಬಕ್ಕೆ ರಜೆ ಬದಲಿಸಿಕೊಳ್ಳುವ ಅವಕಾಶ, ಯಾರಿಗೂ ಮುಜುಗರವಾಗದ ಶೌಚಾಲಯ. ಇವನ್ನು ಕೇಳಿ ಪಡೆಯುವ ಸ್ಥಿತಿ ತರಬೇಡಿ, ಮೊದಲೇ ಇರಲಿ.

ಹಂತ 6: ಸಭೆಯನ್ನೂ ಕೆಲಸದ ಹಂಚಿಕೆಯನ್ನೂ ಗಮನಿಸಿ

ಈ ದೃಶ್ಯ ನಿಮಗೆ ಪರಿಚಿತವಿರಬಹುದು. ಎಂಟು ಜನರ ಸಭೆ. ಮೂರು ತಿಂಗಳ ಹಿಂದೆ ಸೇರಿದ ಸಹೋದ್ಯೋಗಿ ಮೆಲುದನಿಯಲ್ಲಿ, "ಈ ಎರಡು ನಮೂನೆಗಳನ್ನು ಒಂದೇ ಮಾಡಿದರೆ ಅರ್ಧ ದಿನ ಉಳಿಯುತ್ತದೆ" ಎನ್ನುತ್ತಾರೆ. ಯಾರೂ ತಲೆ ಎತ್ತುವುದಿಲ್ಲ. ಹತ್ತು ನಿಮಿಷದ ನಂತರ ಹಳಬರೊಬ್ಬರು ಅದೇ ಮಾತನ್ನು ಗಟ್ಟಿಯಾಗಿ ಹೇಳುತ್ತಾರೆ. "ಒಳ್ಳೆಯ ಯೋಚನೆ" ಎಂದು ಎಲ್ಲರೂ ಒಪ್ಪುತ್ತಾರೆ, ನಡಾವಳಿಯಲ್ಲಿ ಅವರ ಹೆಸರೇ ಬರುತ್ತದೆ. ಮೊದಲು ಹೇಳಿದವರು ತಮ್ಮ ಪುಸ್ತಕ ಮುಚ್ಚುತ್ತಾರೆ. ಅಲ್ಲಿಂದ ಮುಂದೆ ಅವರ ಯೋಚನೆಗಳು ಆ ಕೋಣೆಗೆ ಬರುವುದಿಲ್ಲ.

ಸಭೆ ನಡೆಸುವವರು ಆಗ ಹೇಳಬೇಕಾದದ್ದು ಒಂದೇ ವಾಕ್ಯ: "ಇದನ್ನು ಮೊದಲು ಅವರು ಹೇಳಿದರು, ಅವರಿಂದಲೇ ಪೂರ್ತಿ ಕೇಳೋಣ." ಇದನ್ನು ಅಭ್ಯಾಸ ಮಾಡಿಕೊಳ್ಳಿ. ಚರ್ಚೆಯ ವಿಷಯಗಳನ್ನು ಹಿಂದಿನ ದಿನವೇ ಬರಹದಲ್ಲಿ ಕಳುಹಿಸಿ. ಸಭೆಯ ಭಾಷೆ ತಮ್ಮ ಎರಡನೆಯ ಅಥವಾ ಮೂರನೆಯ ಭಾಷೆಯಾದವರಿಗೆ ಇದು ದೊಡ್ಡ ಆಸರೆ. ನಿರ್ಧಾರಕ್ಕೆ ಮುನ್ನ ಒಂದು ಸುತ್ತು ಎಲ್ಲರನ್ನೂ ಕೇಳಿ, ಹಿರಿಯರ ಸರದಿ ಕೊನೆಗಿರಲಿ. ದೂರದಿಂದ ವಿಡಿಯೊ ಕರೆಯಲ್ಲಿ ಸೇರಿದವರಿಗೆ ಮೊದಲ ಅವಕಾಶ ಕೊಡಿ.

ಇನ್ನು ಹಂಚಿಕೆ. ಟಿಪ್ಪಣಿ ಬರೆಯುವುದು, ಬೀಳ್ಕೊಡುಗೆಯ ವ್ಯವಸ್ಥೆ, ಹೊಸಬರಿಗೆ ದಾರಿ ತೋರಿಸುವುದು ಅಗತ್ಯದ ಕೆಲಸಗಳೇ, ಆದರೆ ಇವುಗಳಿಂದ ಯಾರಿಗೂ ಬಡ್ತಿ ಸಿಗುವುದಿಲ್ಲ. ಇವು ಸದಾ ಅದೇ ಇಬ್ಬರು ಮೂವರ ಮೇಲೆ ಬೀಳುತ್ತಿವೆಯೇ ಎಂದು ನೋಡಿ, ಸರದಿ ಪಟ್ಟಿ ಮಾಡಿ. ಹಾಗೆಯೇ ಕಳೆದ ವರ್ಷದ ಐದು ಪ್ರತಿಷ್ಠಿತ ಕೆಲಸಗಳನ್ನು ಯಾರಿಗೆ ಕೊಟ್ಟಿರಿ ಎಂದು ಬರೆದುಕೊಳ್ಳಿ. ಆ ಪಟ್ಟಿಯನ್ನು ನೋಡಿ ಬೆಚ್ಚಿದ ವ್ಯವಸ್ಥಾಪಕರು ಕಡಿಮೆಯಲ್ಲ.

ಎಚ್ಚರಿಕೆ: ಒಂದು ಸಮುದಾಯದಿಂದ ಒಬ್ಬರೇ ಇದ್ದರೆ ಅವರನ್ನು ಆ ಸಮುದಾಯದ ವಕ್ತಾರರನ್ನಾಗಿ ಮಾಡಬೇಡಿ. "ನಿಮ್ಮವರು ಇದರ ಬಗ್ಗೆ ಏನೆನ್ನುತ್ತಾರೆ?" ಎಂಬ ಪ್ರಶ್ನೆ ಅವರನ್ನು ಸಹೋದ್ಯೋಗಿಯ ಸ್ಥಾನದಿಂದ ಕೆಳಗಿಳಿಸುತ್ತದೆ. ಪ್ರಚಾರದ ಪ್ರತಿ ಭಾವಚಿತ್ರದಲ್ಲೂ ಅವರನ್ನೇ ಮುಂದೆ ನಿಲ್ಲಿಸುವುದೂ ಅಷ್ಟೇ.

ಹಂತ 7: ಸಂಬಳ ಮತ್ತು ಬಡ್ತಿ

ಸಮಾನ ಮೌಲ್ಯದ ಕೆಲಸಕ್ಕೆ ಸ್ತ್ರೀಪುರುಷರಿಗೆ ಸಮಾನ ವೇತನ ಎಂಬ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಒಡಂಬಡಿಕೆ 1951ರದು. ಬ್ರಿಟನ್‌ನಲ್ಲಿ 2017ರಿಂದ 250 ಅಥವಾ ಹೆಚ್ಚು ಸಿಬ್ಬಂದಿ ಇರುವ ಸಂಸ್ಥೆಗಳು ಸ್ತ್ರೀಪುರುಷರ ವೇತನದ ಅಂತರವನ್ನು ಪ್ರಕಟಿಸಬೇಕು. ಐಸ್‌ಲ್ಯಾಂಡ್ 2018ರಲ್ಲಿ ಇನ್ನೊಂದು ಹೆಜ್ಜೆ ಮುಂದಿಟ್ಟು, ಸರಾಸರಿ 25 ಅಥವಾ ಹೆಚ್ಚು ಸಿಬ್ಬಂದಿ ಇರುವ ಸಂಸ್ಥೆಗಳೇ ತಮ್ಮ ವೇತನ ನ್ಯಾಯಯುತವೆಂದು ಸಾಬೀತುಪಡಿಸಬೇಕೆಂಬ ಕಾನೂನು ಜಾರಿಗೆ ತಂದಿತು. ನಿಮ್ಮಲ್ಲಿ ಕಾನೂನು ಕೇಳದಿದ್ದರೂ ಒಂದೇ ಹುದ್ದೆಯವರ ಸಂಬಳವನ್ನು ಅಕ್ಕಪಕ್ಕ ಇಟ್ಟು ನೋಡಿ. ಅನುಭವ ಅಥವಾ ಸಾಧನೆಯಿಂದ ವಿವರಿಸಲಾಗದ ವ್ಯತ್ಯಾಸವನ್ನು ಕಡಿಮೆ ಇರುವವರದನ್ನು ಏರಿಸಿ ಸರಿಪಡಿಸಿ. ಹಿಂದಿನ ಕಡೆ ಎಷ್ಟು ಸಂಬಳವಿತ್ತು ಎಂದು ಕೇಳುವುದನ್ನು ಬಿಡಿ; ಅಲ್ಲಿ ಆದ ಅನ್ಯಾಯವನ್ನು ನೀವು ಎತ್ತಿ ತಂದಂತಾಗುತ್ತದೆ. ಬಡ್ತಿಯ ಮಾನದಂಡ ಬರಹದಲ್ಲಿ ಎಲ್ಲರಿಗೂ ಸಿಗುವಂತಿರಲಿ. ಹೆರಿಗೆ ರಜೆ, ಶುಶ್ರೂಷೆಯ ರಜೆಯಲ್ಲಿದ್ದ ಕಾಲವನ್ನು "ಸಾಧನೆ ಇಲ್ಲ" ಎಂದು ಎಣಿಸಬೇಡಿ.

ಹಂತ 8: ದೂರಿಗೆ ನಂಬಿಕೆಯ ದಾರಿ

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2019ರ 190ನೆಯ ಒಡಂಬಡಿಕೆ ಕೆಲಸದ ಜಗತ್ತಿನ ಹಿಂಸೆ ಮತ್ತು ಕಿರುಕುಳವನ್ನು ಕುರಿತದ್ದು. ಕಾಯಂ ನೌಕರರಷ್ಟೇ ಅಲ್ಲದೆ ತರಬೇತಿಯವರು, ಸ್ವಯಂಸೇವಕರು, ಉದ್ಯೋಗಾಕಾಂಕ್ಷಿಗಳೂ ಅದರಲ್ಲಿ ಸೇರುತ್ತಾರೆ. ಕೆಲಸದ ಪ್ರವಾಸ, ಸಂದೇಶಗಳೂ ಸೇರುತ್ತವೆ. ನಿಮ್ಮ ನಿಯಮವೂ ಇಷ್ಟು ವಿಸ್ತಾರವಾಗಿರಲಿ.

ದೂರು ಕೊಡಲು ಕನಿಷ್ಠ ಎರಡು ದಾರಿ ಬೇಕು, ಏಕೆಂದರೆ ಮೇಲಧಿಕಾರಿಯ ಮೇಲೆಯೇ ದೂರಿದ್ದರೆ ಅವರ ಮೂಲಕವೇ ಕಳುಹಿಸಲಾಗದು. ಸ್ವೀಕರಿಸಿದ ಬಗ್ಗೆ ಕೆಲವೇ ದಿನಗಳಲ್ಲಿ ಉತ್ತರ, ವಿಚಾರಣೆಗೆ ಗಡುವು, ಇಬ್ಬರ ಮಾತನ್ನೂ ಕೇಳುವ ನಿಷ್ಪಕ್ಷ ವ್ಯಕ್ತಿ ಇರಲಿ. ದೂರು ಕೊಟ್ಟವರನ್ನೇ ಬೇರೆ ವಿಭಾಗಕ್ಕೆ ಕಳುಹಿಸಿ "ಸಮಸ್ಯೆ ಬಗೆಹರಿಯಿತು" ಎನ್ನುವುದು ನಾನು ಕಂಡ ಅತ್ಯಂತ ಸಾಮಾನ್ಯ ಮತ್ತು ಅತ್ಯಂತ ಹಾನಿಕರ ತಪ್ಪು. ಇಡೀ ಕಚೇರಿ ಅದನ್ನು ಶಿಕ್ಷೆಯೆಂದೇ ಓದಿಕೊಳ್ಳುತ್ತದೆ. ದೂರಿನ ನಂತರದ ಆರು ತಿಂಗಳಲ್ಲಿ ಅವರ ಮೌಲ್ಯಮಾಪನ, ಪಾಳಿ, ಕೆಲಸದ ಹಂಚಿಕೆ ಬದಲಾಗಿದೆಯೇ ಎಂದು ಹೊಣೆ ಹೊತ್ತವರು ತಾವಾಗಿಯೇ ನೋಡಬೇಕು.

ಹಂತ 9: ತರಬೇತಿ, ಆದರೆ ಈಗ

ಬಹುಪಾಲು ಸಂಸ್ಥೆಗಳು ತರಬೇತಿಯಿಂದ ಆರಂಭಿಸುತ್ತವೆ. ನಾನು ಅದನ್ನು ಇಲ್ಲಿಗೆ ತಂದದ್ದಕ್ಕೆ ಕಾರಣವಿದೆ. ಸಮಾಜಶಾಸ್ತ್ರಜ್ಞರಾದ ಫ್ರಾಂಕ್ ಡಾಬಿನ್ ಮತ್ತು ಅಲೆಕ್ಸಾಂಡ್ರಾ ಕಾಲೆವ್ ಅಮೆರಿಕದ 800ಕ್ಕೂ ಹೆಚ್ಚು ಸಂಸ್ಥೆಗಳ ಮೂರು ದಶಕಗಳ ಮಾಹಿತಿಯನ್ನು ಪರಿಶೀಲಿಸಿ 2016ರಲ್ಲಿ ಬರೆದದ್ದು ಇದು: ಕಡ್ಡಾಯ ತರಬೇತಿಗಳಿಂದ ನಿರೀಕ್ಷಿಸಿದ ಫಲ ಬರಲಿಲ್ಲ, ಕೆಲವೆಡೆ ಸ್ಥಿತಿ ಹಿಂದಕ್ಕೇ ಹೋಯಿತು. ಮಾರ್ಗದರ್ಶಕರನ್ನು ಜೊತೆಗೂಡಿಸುವುದು, ವ್ಯವಸ್ಥಾಪಕರನ್ನೇ ಹೊಸ ಅಭ್ಯರ್ಥಿಗಳ ಹುಡುಕಾಟದಲ್ಲಿ ತೊಡಗಿಸುವುದು, ಪ್ರಗತಿಯನ್ನು ನೋಡುವ ಕಾರ್ಯಪಡೆ ರಚಿಸುವುದು ಹೆಚ್ಚು ಫಲ ಕೊಟ್ಟವು. ಆದ್ದರಿಂದ ತರಬೇತಿ ಕೊಡುವುದಾದರೆ ಕೈಗೆ ಕೆಲಸ ಕಲಿಸುವಂತಿರಲಿ: ಅಂಕ ಹಾಕುವುದು, ಸಭೆ ನಡೆಸುವುದು, ದೂರು ಆಲಿಸುವುದು. ಯಾರನ್ನೂ ಅಪರಾಧಿ ಸ್ಥಾನದಲ್ಲಿ ಕೂರಿಸಬೇಡಿ.

ಹಂತ 10: ಮತ್ತೆ ಎಣಿಸಿ

ವರ್ಷದ ನಂತರ ಮೊದಲ ಹಂತದ ಅದೇ ಐದು ಬಾಗಿಲುಗಳ ಎಣಿಕೆಯನ್ನು ಅದೇ ವಿಧಾನದಲ್ಲಿ ಮಾಡಿ. ಮೊದಲ ವರ್ಷ ದೂರುಗಳು ಹೆಚ್ಚಾಗಿರಬಹುದು. ಆಗ ಆಡಳಿತ ಮಂಡಳಿ ಗಾಬರಿಯಾಗಿ ಎಲ್ಲವನ್ನೂ ನಿಲ್ಲಿಸಲು ಹೊರಟರೆ ತಂಡಗಳು ಕೆಲಸ ಮಾಡುವ ಬಗೆಯನ್ನು ಅಧ್ಯಯನ ಮಾಡುವ ಸಂಶೋಧಕಿ ಏಮಿ ಎಡ್ಮಂಡ್‌ಸನ್ ಅವರ ಅನುಭವವನ್ನು ಮುಂದಿಡಿ. ಅವರು 1990ರ ದಶಕದಲ್ಲಿ ಆಸ್ಪತ್ರೆಯ ತಂಡಗಳಲ್ಲಿ ಔಷಧದ ತಪ್ಪುಗಳನ್ನು ಅಧ್ಯಯನ ಮಾಡಿದಾಗ, ಚೆನ್ನಾಗಿ ನಡೆಯುವ ತಂಡಗಳಲ್ಲೇ ಹೆಚ್ಚು ತಪ್ಪುಗಳು ದಾಖಲಾಗಿದ್ದವು. ಅಲ್ಲಿನವರು ಹೆದರದೆ ತಪ್ಪನ್ನು ಹೇಳಿಕೊಳ್ಳುತ್ತಿದ್ದರು, ಅದೇ ಕಾರಣವಿರಬೇಕೆಂದು ಅವರು ಕಂಡುಕೊಂಡರು. ಬಾಯಿ ಬಿಟ್ಟರೆ ತೊಂದರೆಯಾಗದು ಎಂಬ ಈ ಭರವಸೆಗೆ 1999ರ ಲೇಖನದಲ್ಲಿ ಅವರು ಬಳಸಿದ ಹೆಸರು ಮಾನಸಿಕ ಸುರಕ್ಷತೆ. ಹಾಗೆಂದು ಎಲ್ಲ ಏರಿಕೆಯೂ ಒಳ್ಳೆಯದೆಂದು ತಿಳಿಯಬೇಡಿ. ಒಬ್ಬರ ಮೇಲೆಯೇ ಪದೇ ಪದೇ ದೂರು ಬರುತ್ತಿದ್ದರೆ ಅದು ಬೇರೆ ವಿಷಯ.

ಬಿಟ್ಟುಹೋಗುವವರೊಂದಿಗೆ ಅವರ ನೇರ ಮೇಲಧಿಕಾರಿಯಲ್ಲದ ಇನ್ನೊಬ್ಬರು ಕುಳಿತು ಮಾತಾಡಲಿ. ಕಾರಣಗಳನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ, "ವೈಯಕ್ತಿಕ ಕಾರಣ" ಎಂಬ ಖಾನೆಗೆ ತುರುಕಬೇಡಿ. ಎರಡನೆಯ ವರ್ಷಕ್ಕೆ ಅತಿ ಹೆಚ್ಚು ಸೋರುತ್ತಿರುವ ಒಂದೇ ಬಾಗಿಲನ್ನು ಆರಿಸಿ, ಅದಕ್ಕೆ ಹೊಣೆಗಾರರ ಹೆಸರನ್ನೂ ಮುಂದಿನ ಎಣಿಕೆಯ ದಿನಾಂಕವನ್ನೂ ಇಂದೇ ಬರೆದಿಡಿ.